ಬೆಂಕಿ ಬೀಳುವ ಮುಂಚೆ: ಓದುಗರ ಪ್ರಶ್ನೆ, ನಿವೃತ್ತ ವಲಯ ಅರಣ್ಯಾಧಿಕಾರಿಯ ಉತ್ತರ

ಪ್ರಶ್ನೆ: ಒಣ ಎಲೆಯುದುರು ಕಾಡಿನ ಕಾಡ್ಗಿಚ್ಚಿನ ಬಗ್ಗೆ ಪಿಎಚ್.ಡಿ. ಮಾಡುತ್ತಿದ್ದೇನೆ. ಹದಿನೈದು ವರ್ಷಗಳ ಉಪಗ್ರಹ ಚಿತ್ರ ಇಟ್ಟುಕೊಂಡು, ಬೆಂಕಿ ಮರಳಿ ಮರಳಿ ಬೀಳುವ ಜಾಗಗಳ ನಕ್ಷೆ ಮಾಡಿದೆ. ಅಧಿಕಾರಿಗಳಿಗೆ ಒಪ್ಪಿಸಿದಾಗ ಶಹಬ್ಬಾಸ್ ಎಂದರು. ಎರಡು ವರ್ಷವಾಯಿತು, ಆ ನಕ್ಷೆ ನೋಡಿ ಯಾರೂ ಒಂದು ಹಿಡಿ ಹುಲ್ಲನ್ನೂ ಕೊಯ್ದಿಲ್ಲ. ನಮ್ಮ ಸಂಶೋಧನೆ ಸರ್ಕಾರದ ಕೆಲಸವಾಗುವುದು ಹೇಗೆ? (ಸಂಶೋಧನಾ ವಿದ್ಯಾರ್ಥಿನಿ, ಮೈಸೂರು)

ಉತ್ತರ: ತಾಯಿ, ನಿಮ್ಮ ಪತ್ರ ಓದಿದಾಗ ನಾನೇ ಮಾಡಿದ ತಪ್ಪೊಂದು ಕಣ್ಣ ಮುಂದೆ ಬಂತು. ಅದನ್ನು ಹೇಳದೆ ನಿಮಗೆ ಬುದ್ಧಿ ಹೇಳುವ ಹಕ್ಕು ನನಗಿಲ್ಲ.

ಇಪ್ಪತ್ತು ವರ್ಷಕ್ಕೂ ಹಿಂದಿನ ಮಾತು. ನಾನಿದ್ದ ವಲಯಕ್ಕೆ ನಿಮ್ಮ ಹಾಗೆಯೇ ಒಬ್ಬ ಹುಡುಗ ವರದಿ ತಂದುಕೊಟ್ಟ. ಇಂಗ್ಲಿಷಿನಲ್ಲಿ ಇನ್ನೂರು ಪುಟದ ಹತ್ತಿರ, ಕೊನೆಗೆ ಮಡಿಸಿದ ಒಂದು ನಕ್ಷೆ. ಬಂದದ್ದು ಮಾರ್ಚ್ ತಿಂಗಳಲ್ಲಿ. ಆಗ ನಾವು ಹದಿನೈದು ದಿನದಿಂದ ಸರಿಯಾಗಿ ಮಲಗಿರಲಿಲ್ಲ. ಸ್ವೀಕರಿಸಿದೆ ಎಂದು ಸಹಿ ಹಾಕಿ ಬೀರುವಿನಲ್ಲಿಟ್ಟೆ. ಮುಂದಿನ ಫೆಬ್ರವರಿಯಲ್ಲಿ ಒಂದು ಹಳ್ಳದ ಕಡೆಯಿಂದ ಬೆಂಕಿ ಎದ್ದಿತು. ಹನ್ನೊಂದು ಜನ, ಕೈಯಲ್ಲಿ ಹಸಿ ಸೊಪ್ಪಿನ ಕೊಂಬೆ, ಮಧ್ಯಾಹ್ನ ಎರಡಕ್ಕೆ ಬಡಿಯಲು ಶುರು ಮಾಡಿ ಬೆಳಗಿನ ಜಾವದವರೆಗೂ ಬಡಿದೆವು. ನಮ್ಮ ವಾಚರೊಬ್ಬನ ಎರಡೂ ಅಂಗಾಲು ಬೆಂದು ನಾಲ್ಕು ತಿಂಗಳು ಮನೆಯಲ್ಲೇ ಉಳಿದ. ದಿನಗೂಲಿಯವನು, ಆ ನಾಲ್ಕು ತಿಂಗಳು ಕೂಲಿಯಿಲ್ಲ. ವರದಿ ಬರೆದ ಹುಡುಗ ಏಪ್ರಿಲ್‌ನಲ್ಲಿ ಮತ್ತೆ ಬಂದ. ತನ್ನ ನಕ್ಷೆ ಬಿಡಿಸಿ, ಕೆಂಪು ಬಳಿದಿದ್ದ ಒಂದು ಹಳ್ಳದ ಮೇಲೆ ಬೆರಳಿಟ್ಟು, 'ಸರ್, ಇಲ್ಲೇ ಅಲ್ವಾ ಬಿದ್ದದ್ದು?' ಎಂದ. ದೂರುವ ದನಿಯಲ್ಲ, ತಿಳಿದುಕೊಳ್ಳಲು ಕೇಳಿದ್ದು. ಹೌದು, ಅಲ್ಲೇ.

ಆ ವರದಿಯಲ್ಲಿ ಸುಳ್ಳು ಒಂದಕ್ಷರವೂ ಇರಲಿಲ್ಲ. ಆದರೆ ನನ್ನ ಮೇಜಿನ ಮೇಲಿದ್ದ ಪ್ರಶ್ನೆಗೆ ಅದರಲ್ಲಿ ಉತ್ತರವೂ ಇರಲಿಲ್ಲ. ವಲಯದಲ್ಲಿ ನೂರು ಚಿಲ್ಲರೆ ಕಿಲೋಮೀಟರ್ ಫೈರ್ ಲೈನ್, ಅಂದರೆ ಬೆಂಕಿ ದಾಟದಂತೆ ಹುಲ್ಲು ಕೊಯ್ದು ಸುಟ್ಟು ಬರಿದು ಮಾಡುವ ಪಟ್ಟಿ. ಬರುವ ದುಡ್ಡಿಗೆ, ಸಿಗುವ ಆಳಿಗೆ ಡಿಸೆಂಬರ್ ಕೊನೆಯೊಳಗೆ ಕೊಯ್ದು ಮುಗಿಸಲು ಆಗುವುದು ಅರ್ಧ. ಯಾವ ಅರ್ಧ? ವಲಯಾಧಿಕಾರಿ ಪ್ರತಿ ವರ್ಷ ತೀರ್ಮಾನಿಸಬೇಕಾದದ್ದು ಇದೊಂದೇ. ಹಿಂದಿನ ವರ್ಷ ಕೊಯ್ದದ್ದನ್ನೇ ಈ ವರ್ಷವೂ ಕೊಯ್ಯುತ್ತಿದ್ದೆವು, ಅಷ್ಟೆ.

ನಮ್ಮ ವರ್ಷ ಹೇಗೆ ತಿರುಗುತ್ತದೆ ಎಂಬುದನ್ನೂ ನೀವು ತಿಳಿದಿರಬೇಕು. ಮಳೆ ಹಿಂದೆ ಸರಿಯುತ್ತಿದ್ದಂತೆ ಅಂದಾಜುಪಟ್ಟಿ. ನವೆಂಬರ್, ಡಿಸೆಂಬರ್‌ನಲ್ಲಿ ಲೈನ್ ಕೊಯ್ಲು. ಕೊಯ್ದದ್ದು ಒಣಗಿದ ಮೇಲೆ ಜನವರಿಯಲ್ಲಿ, ಇಬ್ಬನಿ ಇನ್ನೂ ಬೀಳುತ್ತಿರುವಾಗಲೇ ಅದನ್ನು ಸುಡಬೇಕು. ದುಡ್ಡು ತಡವಾಗಿ ಬಂದು ಈ ಕೆಲಸ ಫೆಬ್ರವರಿಗೆ ಜಾರಿತೋ, ಲೈನ್ ಸುಡಲು ಹಚ್ಚಿದ ಬೆಂಕಿಯೇ ಕೈಮೀರಿ ಕಾಡಿಗೆ ನುಗ್ಗುತ್ತದೆ. ನನ್ನ ಕಣ್ಣೆದುರೇ ಎರಡು ಸಲ ನುಗ್ಗಿದೆ. ಹಾಗಾಗಿ ನಿಮ್ಮ ನಕ್ಷೆ ಮಾರ್ಚ್‌ನಲ್ಲಿ ಬಂದರೆ ಬೀರು ಸೇರುತ್ತದೆ. ಆಗಸ್ಟ್‌ನಲ್ಲಿ ಬಂದರೆ ಅಂದಾಜುಪಟ್ಟಿ ಸೇರಬಹುದು.

ಆ ಹುಡುಗನನ್ನು ಆ ವರ್ಷ ಸೆಪ್ಟೆಂಬರಿನಲ್ಲಿ ನಾನೇ ಕರೆಸಿದೆ. ಕಚೇರಿಯ ಜಗಲಿಯ ಮೇಲೆ ನಕ್ಷೆ ಹಾಸಿ ವಾಚರುಗಳನ್ನು ಸುತ್ತ ಕೂರಿಸಿದೆವು. ರಸ್ತೆ ಹತ್ತಿರವಾದಷ್ಟೂ ಅಪಾಯ ಹೆಚ್ಚು ಎಂಬುದು ಅವನ ಲೆಕ್ಕ. 'ರಸ್ತೇಲಿ ನಾವು ಗಸ್ತು ತಿರುಗ್ತೀವಲ್ಲ ಸಾಮಿ, ಬೆಂಕಿ ಬೀಳೋದು ದನ ನೀರಿಗೆ ಹೋಗೋ ದಾರೀಲಿ' ಅಂದರು ನಮ್ಮವರು. ಉಪಗ್ರಹದ ಕಣ್ಣಿಗೆ ಕಾಣದ ಆರು ದಾರಿಗಳನ್ನು ಪೆನ್ಸಿಲ್‌ನಲ್ಲಿ ಎಳೆದರು. ಅವರಿಗೆ ಗೊತ್ತಿಲ್ಲದ್ದನ್ನು ಅವನು ಹೇಳಿದ: ಗುಡ್ಡದಾಚೆಯ ಒಂದು ಇಳಿಜಾರು ಐದು ವರ್ಷದಲ್ಲಿ ಮೂರು ಸಲ ಸುಟ್ಟಿತ್ತು. ಅತ್ತ ನಮ್ಮ ಕ್ಯಾಂಪ್ ಇರಲಿಲ್ಲವಾಗಿ ನಮ್ಮ ದಾಖಲೆಯಲ್ಲಿ ಒಂದೇ ಸಲ ಬರೆದಿತ್ತು. ಸಂಜೆಯ ಹೊತ್ತಿಗೆ ಫೈರ್ ಲೈನ್‌ಗಳ ಸರದಿ ಬದಲಾಯಿತು. ನನ್ನ ಸೇವೆಯಲ್ಲಿ ಸಂಶೋಧನೆ ಸರ್ಕಾರದ ಕೆಲಸವಾದದ್ದನ್ನು ಕಣ್ಣಾರೆ ಕಂಡದ್ದು ಆ ಜಗಲಿಯ ಮೇಲೆ.

ಆದ್ದರಿಂದ ನಿಮ್ಮ ಪ್ರಬಂಧದಿಂದ ಒಂದೇ ಒಂದು ಪುಟ ತೆಗೆಯಿರಿ, ಕನ್ನಡದಲ್ಲಿ. ಗಸ್ತಿನವರು ಕರೆಯುವ ಹೆಸರುಗಳನ್ನೇ ಹಾಕಿ: ಹಳ್ಳ, ಕೆರೆ, ಕ್ಯಾಂಪ್. ಯಾವ ಲೈನ್ ಮೊದಲು, ಯಾವುದು ಆಮೇಲೆ, ಯಾವುದು ಬಿಟ್ಟರೂ ನಡೆಯುತ್ತದೆ ಎಂದು ಬರೆಯಿರಿ. 'ಬಿಟ್ಟರೂ ನಡೆಯುತ್ತದೆ' ಎಂದು ಬರೆಯಲು ಧೈರ್ಯ ಬೇಕು, ವಿಜ್ಞಾನಿಗಳು ಅಲ್ಲೇ ಹಿಂಜರಿಯುತ್ತಾರೆ. ಆದರೆ ಅಧಿಕಾರಿಗೆ ಬೇಕಾದದ್ದು ಅದೇ ಸಾಲು. ಜೊತೆಗೆ, ಮಳೆ ಚೆನ್ನಾಗಿ ಆದ ವರ್ಷ ಹುಲ್ಲು ಆಳೆತ್ತರ ಬೆಳೆದು ಮುಂದಿನ ಬೇಸಿಗೆಗೆ ಸೌದೆಯಾಗುತ್ತದೆ. ಅಕ್ಟೋಬರಿನ ಮಳೆ ಲೆಕ್ಕ ನೋಡಿಯೇ ಫೆಬ್ರವರಿಗೆ ಎಷ್ಟು ಫೈರ್ ವಾಚರ್ ಬೇಕು ಎಂದು ಹೇಳಿಬಿಡಬಹುದು. ಪ್ರತಿ ವರ್ಷ ಅದೇ ಸಂಖ್ಯೆಯ ಜನರನ್ನು ತೆಗೆದುಕೊಳ್ಳುವ ಪದ್ಧತಿಯನ್ನು ಮುರಿಯಲು ನಿಮ್ಮಂಥವರ ಅಂಕಿಯೇ ಬೇಕು.

ಇನ್ನೊಂದು ಒಳಮಾತು. ಕೇಂದ್ರ ಪರಿಸರ ಸಚಿವಾಲಯ 2018ರಲ್ಲಿ ಕಾಡ್ಗಿಚ್ಚಿನ ರಾಷ್ಟ್ರೀಯ ಕ್ರಿಯಾ ಯೋಜನೆ ಹೊರಡಿಸಿದೆ. ನಿಮ್ಮ ಪುಟದ ತಲೆಯಲ್ಲಿ ಅದನ್ನು ಹೆಸರಿಸಿ. ಒಬ್ಬ ವಲಯಾಧಿಕಾರಿ 'ನನಗೆ ಸರಿಯೆನ್ನಿಸಿತು' ಎಂದು ಬರೆದು ಹಣ ಖರ್ಚು ಮಾಡಲಾರ. 'ಯೋಜನೆಯಂತೆ' ಎಂದು ಬರೆದು ಮಾಡಬಲ್ಲ. ಹುಲಿ ಮೀಸಲು ಪ್ರದೇಶವಾದರೆ ಹತ್ತು ವರ್ಷದ ಸಂರಕ್ಷಣಾ ಯೋಜನೆ ಯಾವಾಗ ಪರಿಷ್ಕರಣೆಗೆ ಬರುತ್ತದೆ ಎಂದು ಕೇಳಿಕೊಂಡಿರಿ. ಅದರೊಳಗೆ ಸೇರಿದ ಒಂದು ವಾಕ್ಯ ಹತ್ತು ವರ್ಷ ದುಡಿಯುತ್ತದೆ.

ಪೋರ್ಚುಗಲ್‌ನ ಸಂಗತಿ ನಾನು ಆಗಾಗ ನೆನೆಯುತ್ತೇನೆ. 2017ರ ಜೂನ್‌ನಲ್ಲಿ ಅಲ್ಲಿನ ಪೆದ್ರೋಗಾವ್ ಗ್ರಾಂದೆ ಎಂಬಲ್ಲಿ ಕಾಡ್ಗಿಚ್ಚಿಗೆ 66 ಜನ ಸತ್ತರು. ಸಂಸತ್ತು ತಜ್ಞರ ಸಮಿತಿ ನೇಮಿಸಿತು. ಸಮಿತಿ ಅಕ್ಟೋಬರ್ 12ಕ್ಕೆ ವರದಿ ಒಪ್ಪಿಸಿತು, 15ಕ್ಕೆ ಮತ್ತೆ ಬೆಂಕಿ, ಮತ್ತೆ ಹತ್ತಾರು ಸಾವು. ಆಮೇಲೆ ಆ ದೇಶ ಬೆಂಕಿ ಆರಿಸುವವರಿಂದ ಬೇರೆಯಾಗಿ, ಇಡೀ ಕೆಲಸವನ್ನು ಯೋಜಿಸಿ ಒರೆಹಚ್ಚುವುದಕ್ಕೆಂದೇ ಒಂದು ಸಂಸ್ಥೆ ಕಟ್ಟಿತು. ಹೆಚ್ಚಾಗಿ ಆರಿಸುವುದಕ್ಕೇ ಹೋಗುತ್ತಿದ್ದ ಖರ್ಚಿನಲ್ಲಿ, ಬೆಂಕಿ ಬೀಳದಂತೆ ತಡೆಯುವ ಕೆಲಸದ ಪಾಲನ್ನು ಬಹಳ ಹೆಚ್ಚಿಸಿತು. ಅಷ್ಟು ಜನ ಸತ್ತ ಮೇಲೆ. ನಮ್ಮಲ್ಲಿ ಹಾಗಾಗುವವರೆಗೆ ಕಾಯಬಾರದು ಎಂದೇ ನಿಮಗೆ ಇಷ್ಟುದ್ದ ಬರೆದೆ.

ಪ್ರಶ್ನೆ: 2019ರಲ್ಲಿ ಹೆಲಿಕಾಪ್ಟರ್ ಬಂದು ಬಂಡೀಪುರದ ಬೆಂಕಿಗೆ ನೀರು ಸುರಿದದ್ದನ್ನು ನಮ್ಮ ಹೊಲದಿಂದಲೇ ನೋಡಿದೆವು. ಈಗ ಬೆಂಕಿ ಬಿದ್ದ ಕೂಡಲೇ ಉಪಗ್ರಹದಿಂದ ಮೊಬೈಲ್‌ಗೆ ಸಂದೇಶ ಬರುತ್ತದಂತೆ. ಹಾಗಿದ್ದರೂ ಬೆಂಕಿ ಯಾಕೆ ಹರಡುತ್ತದೆ? ಪ್ರತಿ ಸಲ ನಮ್ಮ ಊರಿನವರ ಮೇಲೇ ಯಾಕೆ ಅನುಮಾನ? (ರೈತರು, ಗುಂಡ್ಲುಪೇಟೆ ತಾಲ್ಲೂಕು)

ಉತ್ತರ: ಯಜಮಾನರೇ, ಸಂದೇಶ ಬರುವುದು ನಿಜ. ಡೆಹ್ರಾಡೂನಿನ ಭಾರತೀಯ ಅರಣ್ಯ ಸರ್ವೇಕ್ಷಣಾ ಸಂಸ್ಥೆ 2004ರಿಂದಲೇ ಕಳಿಸುತ್ತಿದೆ. ಮೊದಲಿನ ಉಪಗ್ರಹದಲ್ಲಿ ಒಂದು ಚುಕ್ಕೆ ಅಂದರೆ ಒಂದು ಕಿಲೋಮೀಟರ್ ಉದ್ದಗಲದ ಚೌಕ, ಸುಮಾರು 250 ಎಕರೆ. ಅಷ್ಟರೊಳಗೆ ಎಲ್ಲೋ ಬೆಂಕಿ ಇದೆ ಎಂದು ಅರ್ಥ. 2017ರಿಂದ ಬಳಸುತ್ತಿರುವ ಹೊಸದರಲ್ಲಿ 375 ಮೀಟರ್ ಚೌಕ, ಸುಮಾರು 35 ಎಕರೆ. ಬಹಳ ಸುಧಾರಿಸಿದೆ. ಆದರೆ ಈ ಉಪಗ್ರಹ ತಲೆಯ ಮೇಲೆ ಹಾದುಹೋದಾಗ ಮಾತ್ರ ನೋಡುತ್ತದೆ, ದಿನಕ್ಕೆ ಒಂದೆರಡು ಸಲ. ಹಾದುಹೋದ ಮೇಲೆ ಹೊತ್ತಿದ್ದು ಮುಂದಿನ ಸರದಿಗೇ ಕಾಣುವುದು. ಫೆಬ್ರವರಿಯ ಬಿರುಗಾಳಿಯಲ್ಲಿ ಅಷ್ಟರೊಳಗೆ ಅದು ಗುಡ್ಡ ದಾಟಿರುತ್ತದೆ. ಸಂದೇಶ ಅಧಿಕಾರಿಯ ಮೊಬೈಲ್‌ಗೆ ಬಂದರೂ ಕಾಡಿನೊಳಗಿನ ಕ್ಯಾಂಪ್‌ನಲ್ಲಿ ನೆಟ್‌ವರ್ಕ್ ಇರುವುದಿಲ್ಲ, ಅಲ್ಲಿಗೆ ಮಾತು ತಲುಪಿಸುವುದು ವೈರ್‌ಲೆಸ್ ಸೆಟ್. ಅದರ ಬ್ಯಾಟರಿ ಸತ್ತಿದ್ದರೆ ಡೆಹ್ರಾಡೂನಿನ ವಿಜ್ಞಾನವೆಲ್ಲ ಅಲ್ಲಿಗೇ ನಿಂತಿತು. ಕೊನೆಯ ಐದು ಕಿಲೋಮೀಟರ್‌ಗೆ ಬೇಕಾದದ್ದು ಬ್ಯಾಟರಿ, ಜೀಪಿಗೆ ಡೀಸೆಲ್, ಕುಡಿಯುವ ನೀರು, ಸರಿಯಾದ ಬೂಟು. 2017ರ ಫೆಬ್ರವರಿಯಲ್ಲಿ ಬಂಡೀಪುರದಲ್ಲೇ ಬೆಂಕಿ ಆರಿಸಲು ಹೋದ ಅರಣ್ಯ ರಕ್ಷಕನೊಬ್ಬ ಸುಟ್ಟು ಸತ್ತ. ಅವನನ್ನು ನೆನೆಯದೆ ನಾನು ಉಪಗ್ರಹದ ಮಾತು ಆಡಲಾರೆ.

ನೀವು ಕಂಡ 2019ರ ಬೆಂಕಿ ಫೆಬ್ರವರಿ 21ಕ್ಕೆ ಶುರುವಾಗಿ ಐದು ದಿನ ಉರಿಯಿತು. ಉಪಗ್ರಹದ ಲೆಕ್ಕದಲ್ಲಿ ಸುಟ್ಟದ್ದು ಸುಮಾರು 4,400 ಹೆಕ್ಟೇರ್, ಹತ್ತಿರ ಹತ್ತಿರ 11,000 ಎಕರೆ. ವಾಯುಪಡೆಯ ಹೆಲಿಕಾಪ್ಟರ್ ಬಂದದ್ದು ಕೊನೆಗೆ. ಅಲ್ಲಿಯವರೆಗೆ ಆರಿಸಿದ್ದು ಸೊಪ್ಪು ಹಿಡಿದ ಕೈಗಳು, ಅದರಲ್ಲಿ ನಿಮ್ಮ ಸುತ್ತಿನ ಊರುಗಳ ಹುಡುಗರೂ ಇದ್ದರು.

ಅನುಮಾನದ ಮಾತು ನಿಮಗೆ ನೋವು ಕೊಟ್ಟಿದೆ, ನನಗೆ ಅರ್ಥವಾಗುತ್ತದೆ. ನಮ್ಮ ಒಣ ಕಾಡಿನಲ್ಲಿ ಬೆಂಕಿ ಹೊತ್ತುವುದು ಹೆಚ್ಚುಕಡಿಮೆ ಮನುಷ್ಯರ ಕೈಯಿಂದಲೇ. ಎಳೆ ಹುಲ್ಲು ಚಿಗುರಲೆಂದು, ಉದುರಿದ ಜಿಂಕೆ ಕೊಂಬು ಹುಡುಕಲೆಂದು, ಬೀಡಿಯಿಂದ, ಕೆಲವೊಮ್ಮೆ ಸಿಟ್ಟಿನಿಂದ. ಸಿಟ್ಟಿನ ಬೆಂಕಿಯ ಬಗ್ಗೆ ಒಂದು ಮಾತು: ಆನೆ ತುಳಿದ ಬೆಳೆಗೆ ಪರಿಹಾರ ಸಿಗದೆ ವರ್ಷಗಟ್ಟಲೆ ಅಲೆದವನ ಊರಿನಲ್ಲಿ ಬೆಂಕಿ ಆರಿಸಲು ಕರೆದರೆ ಯಾರೂ ಏಳುವುದಿಲ್ಲ. ಪರಿಹಾರದ ಕಡತ ಜನವರಿಯೊಳಗೆ ವಿಲೇವಾರಿಯಾದರೆ ಅದೂ ಒಂದು ಫೈರ್ ಲೈನ್ ಎಂದು ಮೇಲಿನವರಿಗೆ ಬರೆದಿದ್ದೆ. ಉತ್ತರ ಬರಲಿಲ್ಲ. ಈಗಲೂ ಅದನ್ನೇ ಹೇಳುತ್ತೇನೆ.

ಪ್ರಶ್ನೆ: ಬಿದಿರಿಗೆ ಬಿದಿರು ಉಜ್ಜಿ ಬೆಂಕಿ ಹುಟ್ಟುತ್ತದೆ ಎಂದು ಮಕ್ಕಳಿಗೆ ಪಾಠ ಮಾಡಿದ್ದೇನೆ. ನಿಜವೇ? (ಶಿಕ್ಷಕಿ, ಹುಣಸೂರು)

ಉತ್ತರ: ಮೂವತ್ತೊಂದು ವರ್ಷದ ಸೇವೆಯಲ್ಲಿ ಒಂದು ಸಲವೂ ಕಂಡಿಲ್ಲ ಅಮ್ಮ. ಬೆಂಕಿಯ ಬುಡ ಹುಡುಕಿಕೊಂಡು ಹೋದಾಗಲೆಲ್ಲ ಸಿಕ್ಕಿದ್ದು ಕಾಲುದಾರಿ. ಬಿದಿರಿನ ಮೇಲೆ ಹೊರಿಸಿದರೆ ಮಕ್ಕಳಿಗೆ ತಾವು ಮಾಡಬಹುದಾದದ್ದು ಏನೂ ಇಲ್ಲ ಅನ್ನಿಸುತ್ತದೆ. ಪಾಠ ತಿದ್ದಿ.

ಪ್ರಶ್ನೆ: ನಮ್ಮ ಹಿರಿಯರು ಬೇಸಿಗೆಗೆ ಮುಂಚೆ 'ತರಗು ಬೆಂಕಿ' ಕೊಡುತ್ತಿದ್ದರು. ಅದನ್ನು ನಿಲ್ಲಿಸಿದ ಮೇಲೇ ಕಾಡೆಲ್ಲ ಲಂಟಾನದ ಕಳೆಪೊದೆ ಆಯಿತು ಎನ್ನುತ್ತಾರೆ. ವಿಜ್ಞಾನ ಏನು ಹೇಳುತ್ತದೆ? ಸರ್ಕಾರ ಒಪ್ಪುತ್ತದೆಯೇ? (ಸೋಲಿಗ ಯುವಕ, ಬಿಳಿಗಿರಿರಂಗನ ಬೆಟ್ಟ)

ಉತ್ತರ: ತಮ್ಮಾ, ನಾನು ಕೆಲಸಕ್ಕೆ ಸೇರಿದಾಗ ಕಾಡಿಗೆ ಬೆಂಕಿಯೇ ಕೂಡದು ಎಂದು ಕಲಿಸಿದ್ದರು. ಅದನ್ನೇ ನಂಬಿ ನಿಮ್ಮ ಹಿರಿಯರಂಥವರ ಮೇಲೆ ಕೇಸನ್ನೂ ಬರೆದಿದ್ದೇನೆ. ಆಮೇಲೆ ನಿಮ್ಮ ಬೆಟ್ಟದ ಒಬ್ಬ ಅಜ್ಜ ಹೇಳಿದ ಮಾತು ಇದು: 'ಚಳಿ ಇರೋವಾಗ ಕೊಟ್ರೆ ಬೆಂಕಿ ತರಗು ತಿಂದ್ಕೊಂಡು ಸುಮ್ಕೆ ಹೋಯ್ತದೆ. ಶಿವರಾತ್ರಿ ಕಳೆದ್ಮೇಲೆ ಬಿದ್ರೆ ಮರಾನೇ ತಿಂತದೆ.'

ಬೆಂಗಳೂರಿನ ಏಟ್ರೀ ಎಂಬ ಪರಿಸರ ಸಂಶೋಧನಾ ಸಂಸ್ಥೆಯವರು ನಿಮ್ಮ ಬೆಟ್ಟದಲ್ಲಿ ದಶಕಗಳಿಂದ ಅಧ್ಯಯನ ಮಾಡುತ್ತಿದ್ದಾರೆ. 1997ರಲ್ಲಿ ನೋಡಿದ್ದ ಜಾಗಗಳನ್ನೇ 2008ರಲ್ಲಿ ಮತ್ತೆ ನೋಡಿದಾಗ ಲಂಟಾನ ಹಬ್ಬಿದ್ದ ಜಾಗ ಸುಮಾರು ಎರಡರಷ್ಟಾಗಿತ್ತು. ತರಗು ಬೆಂಕಿ ನಿಂತದ್ದರಿಂದ ಲಂಟಾನ ಹೆಚ್ಚಿತು, ನೆಲ್ಲಿ ಮರಕ್ಕೆ ಉಪ್ಪಿಲು, ಅಂದರೆ ಬಂದಳಿಕೆ, ಹತ್ತಿತು ಎಂಬ ಸೋಲಿಗರ ಮಾತನ್ನು ಅವರು ಗಂಭೀರವಾಗಿ ಎತ್ತಿಕೊಂಡು ಬರೆದಿದ್ದಾರೆ.

ಆದರೆ ಪೂರ್ತಿ ಸತ್ಯ ಹೇಳಬೇಕು. ತಮಿಳುನಾಡಿನ ಮುದುಮಲೈ ಕಾಡಿನ ಮೇಲೆ 2004ರಲ್ಲಿ ಪ್ರಕಟವಾದ ಅಧ್ಯಯನದಂತೆ, ನೂರು ವರ್ಷ ಹಿಂದೆ ಒಂದು ಜಾಗಕ್ಕೆ ಬೆಂಕಿ ಮರಳಿ ಬರಲು ಸುಮಾರು ಹತ್ತು ವರ್ಷ ಹಿಡಿಯುತ್ತಿತ್ತು, ಅಧ್ಯಯನದ ಹೊತ್ತಿಗೆ ಅದು ಮೂರು ವರ್ಷ ಚಿಲ್ಲರೆಗೆ ಇಳಿದಿತ್ತು. ಸಸಿ ಮರವಾಗಲು ಅಷ್ಟು ಸಾಲದು. ಜೊತೆಗೆ ಇಂದಿನ ಕಾಡು ನಿಮ್ಮ ಅಜ್ಜಂದಿರ ಕಾಡಲ್ಲ. ಅವರು ತರಗಿಗೆ ಕೊಟ್ಟ ಬೆಂಕಿ ಮೊಣಕಾಲೆತ್ತರ. ಲಂಟಾನದ ಪೊದೆಗೆ ತಗುಲಿದ್ದು ನೇರ ಮರದ ನೆತ್ತಿಗೆ ಏರುತ್ತದೆ. ಹಾಗಾಗಿ ಮೊದಲು ಲಂಟಾನ ತೆಗೆಯಬೇಕು: ಬುಡದ ಬೇರನ್ನು ನೆಲದೊಳಗೇ ಕತ್ತರಿಸಿ ಗಿಡವನ್ನು ತಲೆಕೆಳಗು ಮಾಡಿ ಇಡುವ ವಿಧಾನದಲ್ಲಿ ಅದು ಮತ್ತೆ ಚಿಗುರುವುದು ಕಡಿಮೆ. ಆಮೇಲೆ ಸಣ್ಣ ಸಣ್ಣ ತುಂಡಾಗಿ, ಚಳಿಯಲ್ಲಿ, ಬಲ್ಲವರ ಕೈಯಿಂದ ಬೆಂಕಿ.

ಕಾನೂನು ಬಿಡುತ್ತದೆಯೇ ಎಂದರೆ, ವನ್ಯಜೀವಿ ಸಂರಕ್ಷಣಾ ಕಾಯ್ದೆಯ 30ನೇ ಕಲಂ ತಡೆಯುವುದು ಅಭಯಾರಣ್ಯಕ್ಕೆ ಅಪಾಯವಾಗುವ ರೀತಿಯ ಬೆಂಕಿಯನ್ನು. ನಾವೇ ಪ್ರತಿ ಜನವರಿ ಲೈನ್ ಸುಡುತ್ತೇವಲ್ಲ. 2011ರಲ್ಲಿ ನಿಮ್ಮ ಗ್ರಾಮಸಭೆಗಳಿಗೆ ಸಮುದಾಯ ಅರಣ್ಯ ಹಕ್ಕು ಸಿಕ್ಕಿದೆ. ಅದರ ಬಲದ ಮೇಲೆ ಇಲಾಖೆ, ವಿಜ್ಞಾನಿಗಳು, ನೀವು ಮೂವರೂ ಸಹಿ ಹಾಕಿದ ಒಂದು ಪ್ರಯೋಗಕ್ಕೆ ಅರ್ಜಿ ಕೊಡಿ.

ಆಸ್ಟ್ರೇಲಿಯಾದ ಆರ್ನೆಮ್ ಲ್ಯಾಂಡ್‌ನಲ್ಲಿ ಇಂಥದ್ದು ನಡೆದಿದೆ. ಅಲ್ಲಿನ ಮೂಲನಿವಾಸಿಗಳು ಒಣ ಋತುವಿನ ಆರಂಭದಲ್ಲೇ ತಣ್ಣನೆಯ ಬೆಂಕಿ ಕೊಟ್ಟರೆ, ಆಮೇಲೆ ದೊಡ್ಡ ಬೆಂಕಿ ತಪ್ಪಿ ಭೂಮಿಯ ಬಿಸಿ ಏರಿಸುವ ಅನಿಲ ಎಷ್ಟು ಕಡಿಮೆಯಾಗುತ್ತದೆ ಎಂದು ವಿಜ್ಞಾನಿಗಳು ಅಳೆದರು. 2006ರಲ್ಲಿ ಡಾರ್ವಿನ್‌ನ ಅನಿಲ ಘಟಕದ ಕಂಪನಿ, ತಾನು ಗಾಳಿಗೆ ಬಿಡುವ ಅಂಥ ಅನಿಲಕ್ಕೆ ಸಾಟಿಯಾಗಲೆಂದು, ಆ ಕೆಲಸಕ್ಕೆ ವರ್ಷಕ್ಕೆ ಸುಮಾರು 10 ಲಕ್ಷ ಡಾಲರ್‌ನಂತೆ 17 ವರ್ಷ ಕೊಡಲು ಒಪ್ಪಿತು. 2012ರಲ್ಲಿ ಸರ್ಕಾರ ಆ ಅಳತೆಯ ಪದ್ಧತಿಯನ್ನೇ ಅಂಗೀಕರಿಸಿತು. ಹಿರಿಯರ ತಿಳಿವಳಿಕೆ ಅಂಕಿಯಾಯಿತು, ಅಂಕಿ ಅವರ ಮೊಮ್ಮಕ್ಕಳ ಸಂಬಳವಾಯಿತು.

ನಿಮ್ಮಲ್ಲಿ ಐವತ್ತು ಎಕರೆಯಿಂದ ಶುರು ಮಾಡಬಹುದು. ಪಕ್ಕದಲ್ಲೇ ಬೆಂಕಿ ಕೊಡದ ಐವತ್ತು ಎಕರೆ ಇರಲಿ, ಹೋಲಿಸುವುದಕ್ಕೆ. ಎಂದು ಕೊಟ್ಟಿರಿ, ಇಬ್ಬನಿ ಎಷ್ಟಿತ್ತು, ಗಾಳಿ ಯಾವ ಕಡೆ, ಮಳೆ ಬಿದ್ದ ಮೇಲೆ ಏನು ಚಿಗುರಿತು, ಎಲ್ಲ ಬರೆದಿಡಿ. ಅರ್ಜಿ ಬರೆಯಲು ಕೈ ಜೋಡಿಸುತ್ತೇನೆ. ಮೇಲಿನ ಮೈಸೂರಿನ ವಿದ್ಯಾರ್ಥಿನಿಯ ವಿಳಾಸವನ್ನು ಅವರ ಒಪ್ಪಿಗೆ ಪಡೆದು ನಿಮಗೆ ಕಳಿಸುವಂತೆ ಸಂಪಾದಕರಿಗೆ ಹೇಳಿದ್ದೇನೆ. ಆಗಸ್ಟ್ ದಾಟುವುದರೊಳಗೆ ಇಬ್ಬರೂ ಒಂದು ಸಲ ಕೂತು ಮಾತಾಡಿ.