ಮಂಗಳೂರು ರಸ್ತೆಯ ರಾಷ್ಟ್ರೀಯ ಹೆದ್ದಾರಿ ನಂಬರ್ 48ರಿಂದ 75 ಆಗಿದ್ದು ಯಾಕೆ?

ಹಳೇ ಮ್ಯಾಪಿನಲ್ಲಿ 48 ಅಂತಿದೆ, ಅದು ತಪ್ಪಾ ಅಂತ ಕೇಳಿದ್ದೀರಿ. ನಿಮ್ಮ ಮ್ಯಾಪ್ ತಪ್ಪಲ್ಲ, ಬೆಂಗಳೂರು-ಹಾಸನ-ಮಂಗಳೂರು ರಸ್ತೆ ಮೊದಲು 48 ಅಂತಲೇ ಇತ್ತು. 2010ರಲ್ಲಿ ಕೇಂದ್ರ ಸರ್ಕಾರ ದೇಶದ ಹೆದ್ದಾರಿಗಳಿಗೆಲ್ಲ ಹೊಸ ನಂಬರ್ ಕೊಟ್ಟಿತು. ಉತ್ತರ-ದಕ್ಷಿಣ ಹೋಗುವ ರಸ್ತೆಗೆ ಸಮ ಸಂಖ್ಯೆ, ಪೂರ್ವ-ಪಶ್ಚಿಮಕ್ಕೆ ಬೆಸ. ಸಮ ಸಂಖ್ಯೆ ಪೂರ್ವದಿಂದ ಪಶ್ಚಿಮಕ್ಕೆ ಏರುತ್ತದೆ, ಅದಕ್ಕೇ ಕರಾವಳಿಯ ಹಳೇ 17 ಈಗ 66. ಮೂರು ಅಂಕಿ ಇದ್ದರೆ ಅದು ಕವಲು. ಮೈಸೂರು ರಸ್ತೆ 275, ಅಂದ್ರೆ 75ರ ಕವಲು. ಈ ಲೆಕ್ಕ ನನಗೆ ತುಂಬಾ ಇಷ್ಟ, ಬೋರ್ಡ್ ನೋಡಿದರೇ ದಿಕ್ಕು ಗೊತ್ತಾಗುತ್ತದೆ.

ಆದರೆ 48 ಅನ್ನುವ ನಂಬರನ್ನೇ ತುಮಕೂರು-ಹುಬ್ಬಳ್ಳಿ ರಸ್ತೆಗೆ, ಅಂದ್ರೆ ಹಳೇ 4ಕ್ಕೆ ಕೊಟ್ಟುಬಿಟ್ಟರು ನೋಡಿ, ಅದೇ ನಿಜವಾದ ತೊಂದರೆ. ಈ ಎರಡೂ ರಸ್ತೆ ಬೇರೆಯಾಗೋದು ನೆಲಮಂಗಲದಲ್ಲಿ. ಹಳೇ ನಂಬರ್ ನಂಬಿಕೊಂಡು 48 ಹಿಡಿದರೆ ಕುಣಿಗಲ್ ಬದಲು ತುಮಕೂರಿನ ಕಡೆ ಹೋಗ್ತೀರಿ. ಹಾಗಾಗಿ ಅಲ್ಲಿ ನಂಬರ್ ಬಿಡಿ, ಬೋರ್ಡಿನಲ್ಲಿ ಕುಣಿಗಲ್, ಹಾಸನ ಅಂತ ಊರ ಹೆಸರು ನೋಡಿ. ದಾರೀಲಿ ಗಾಡಿ ಕೆಟ್ಟು ಹೆದ್ದಾರಿ ಸಹಾಯವಾಣಿ 1033ಕ್ಕೆ ಫೋನ್ ಮಾಡಿದರೂ ಅಷ್ಟೇ, ರಸ್ತೆ ನಂಬರ್ ಜೊತೆ ಹತ್ತಿರದ ಊರು, ಕಿಲೋಮೀಟರ್ ಕಲ್ಲು ಎರಡನ್ನೂ ಹೇಳಿ.