ಬಿಸ್ಲೇರಿಯಂಥ ನೀರಿನ ಕಂಪನಿಗೆ ನಿಜಕ್ಕೂ ಎಷ್ಟು ಲಾಭ? ಬೆಳೆಯೋದು ಯಾಕೆ ಕಷ್ಟ?

ಬೋರ್‌ವೆಲ್ ನೀರಿಗೆ ಏನೂ ಖರ್ಚಿಲ್ಲ, ಸೋಸಿ ಬಾಟಲಿಗೆ ತುಂಬಿ 20 ರೂಪಾಯಿಗೆ ಮಾರುತ್ತಾರೆ, ಅಂದಮೇಲೆ ಬಿಸ್ಲೇರಿಗೆ ಭಾರೀ ಲಾಭ ಇರಬೇಕಲ್ವಾ, ಮತ್ತೆ ಟಾಟಾದವರಿಗೆ ಮಾರೋಕೆ ಯಾಕೆ ಹೊರಟಿದ್ದರು, ಷೇರು ಸಿಕ್ಕರೆ ತಗೋಬಹುದಾ ಅಂತ ಕೇಳಿದ್ದೀರಿ.

ನಾನು ಬಿಸ್ಲೇರಿಯಲ್ಲಿ ಕೆಲಸ ಮಾಡಿದವನಲ್ಲ. ದಾವಣಗೆರೆಯಲ್ಲಿ ಟ್ಯಾಕ್ಸ್ ಕೆಲಸ ಮಾಡುತ್ತೇನೆ. ನನ್ನ ಪಾರ್ಟಿಗಳಲ್ಲಿ, ಅಂದರೆ ನನ್ನ ಹತ್ತಿರ ಟ್ಯಾಕ್ಸ್ ಕೆಲಸ ಮಾಡಿಸುವವರಲ್ಲಿ, ಸಣ್ಣ ವಾಟರ್ ಪ್ಲಾಂಟ್ ನಡೆಸುವವರೂ ಇದ್ದಾರೆ, ಬಾಟಲಿ ನೀರಿನ ಡೀಲರ್‌ಗಳೂ ಇದ್ದಾರೆ. ಅವರ ಬಿಲ್ ಪುಸ್ತಕ ನೋಡಿ ನೋಡಿ ಈ ವ್ಯಾಪಾರದ ಒಳಗು ಸ್ವಲ್ಪ ಗೊತ್ತಾಗಿದೆ. ಆ ಕಡೆಯಿಂದಲೇ ಹೇಳುತ್ತೇನೆ.

ಮೊದಲು ಅಂಕಿ ನೋಡೋಣ. ಬಿಸ್ಲೇರಿ ಷೇರುಪೇಟೆಯಲ್ಲಿ ಇಲ್ಲ. ಆದರೂ ಪ್ರತಿ ವರ್ಷ ಸರ್ಕಾರಕ್ಕೆ ಲೆಕ್ಕ ಸಲ್ಲಿಸಲೇಬೇಕು, ಅದು ಪತ್ರಿಕೆಗಳಲ್ಲೂ ಬರುತ್ತದೆ. 2019-20ರಲ್ಲಿ ಮಾರಾಟ 1,472 ಕೋಟಿ, ಲಾಭ 100 ಕೋಟಿ. ಅಂದರೆ ನೂರು ರೂಪಾಯಿ ವ್ಯಾಪಾರಕ್ಕೆ ಏಳು ರೂಪಾಯಿಯೂ ಉಳಿಯಲಿಲ್ಲ. ಮರುವರ್ಷ ಕೊರೊನಾ. ಮಾರಾಟ 1,181 ಕೋಟಿಗೆ ಇಳಿಯಿತು, ಲಾಭ ಮಾತ್ರ 95 ಕೋಟಿಯಲ್ಲಿ ನಿಂತಿತು. ಆಮೇಲೆ ಜನ ಮತ್ತೆ ಓಡಾಡತೊಡಗಿದರು. 2022-23ರಲ್ಲಿ ಮಾರಾಟ 2,300 ಕೋಟಿ ದಾಟಿತು. 2023-24ರಲ್ಲಿ 2,700 ಕೋಟಿ ಹತ್ತಿರ ಹೋಯಿತು, ಲಾಭವೂ 300 ಕೋಟಿ ಮೀರಿತು. ಈಗ ನೂರಕ್ಕೆ ಹನ್ನೊಂದು ಹನ್ನೆರಡು ರೂಪಾಯಿ ಉಳಿಯುತ್ತಿದೆ ಅನ್ನಿ. ಕೆಟ್ಟ ಲೆಕ್ಕವೇನಲ್ಲ. ಆದರೆ ನೀವು ಅಂದುಕೊಂಡಂಥ ಲಾಭ ಇದಲ್ಲ.

ಕೊರೊನಾ ವರ್ಷದ ಅಂಕಿಯನ್ನು ಇನ್ನೊಮ್ಮೆ ನೋಡಿ. ಆ ವರ್ಷ ಜನ ನೀರು ಕುಡಿಯೋದನ್ನೇನೂ ಬಿಡಲಿಲ್ಲ. ಬಸ್‌ಸ್ಟ್ಯಾಂಡ್, ಹೋಟೆಲ್, ಆಫೀಸು, ಛತ್ರ ಮುಚ್ಚಿದ್ದವು, ಅಷ್ಟೇ. ಅಷ್ಟಕ್ಕೇ ಮಾರಾಟ ಐದರಲ್ಲಿ ಒಂದು ಪಾಲು ಹೋಯಿತು. ಬಾಟಲಿ ನೀರನ್ನು ಜನ ಮನೆಯಿಂದ ಹೊರಗೆ ಇದ್ದಾಗ ಕೊಳ್ಳುತ್ತಾರೆ. ಜನ ಎಲ್ಲೆಲ್ಲಿ ಓಡಾಡುತ್ತಾರೋ ಅಲ್ಲೆಲ್ಲ ಬಾಟಲಿ ತಲುಪಿಸಬೇಕು. ಈ ವ್ಯಾಪಾರದ ಕಷ್ಟ ಶುರುವಾಗೋದು ಅಲ್ಲಿಂದಲೇ.

ಒಂದು ಸಣ್ಣ ಲೆಕ್ಕ ಮಾಡಿ. ಒಂದು ಲೀಟರ್ ನೀರು ಒಂದು ಕೆಜಿ ತೂಗುತ್ತದೆ. ಹನ್ನೆರಡು ಬಾಟಲಿಯ ಕೇಸು ಹನ್ನೆರಡು ಕೆಜಿ ಮೇಲೆ. ಹತ್ತು ಟನ್ ಲಾರಿಗೆ ಹೆಚ್ಚೆಂದರೆ 800 ಕೇಸು ಹಿಡಿಯುತ್ತವೆ, ಅಂದರೆ 9,600 ಬಾಟಲಿ. ಎಂಆರ್‌ಪಿ 20 ರೂಪಾಯಿ ಅಂದುಕೊಂಡರೆ ಲಾರಿ ತುಂಬ ಇರುವ ಮಾಲಿನ ಬೆಲೆ 1,92,000. ಅಂಗಡಿಯವನ ಪಾಲು, ಡೀಲರ್ ಪಾಲು, ತೆರಿಗೆ ಎಲ್ಲ ಕಳೆದು ಕಂಪನಿ ಕೈಗೆ ಅರ್ಧ ಬಂತು ಅಂತಿಟ್ಟುಕೊಳ್ಳಿ, ಒಂದು ಲಕ್ಷದ ಆಸುಪಾಸು. ಇದರಲ್ಲಿ ಲಾರಿ ಬಾಡಿಗೆಯೇ ಹತ್ತು ಸಾವಿರ ಆಯಿತು ಅಂದರೆ ನೂರಕ್ಕೆ ಹತ್ತು ರೂಪಾಯಿ ರಸ್ತೆಯಲ್ಲೇ ಹೋಯಿತು. ಮೇಲೆ ಹೇಳಿದ ಇಡೀ ಲಾಭವೇ ಅಷ್ಟು! ಅದೇ ಲಾರಿಯಲ್ಲಿ ಕೆಜಿಗೆ 400 ರೂಪಾಯಿಯ ಟೀ ಪುಡಿ ತುಂಬಿದ್ದರೆ ಮಾಲಿನ ಬೆಲೆ 40 ಲಕ್ಷ. ಹತ್ತು ಸಾವಿರ ಬಾಡಿಗೆ ಅಲ್ಲಿ ಲೆಕ್ಕಕ್ಕೇ ಬರಲ್ಲ.

ಅದಕ್ಕೇ ನೀರನ್ನು ದೂರ ಸಾಗಿಸಿದರೆ ಗಿಟ್ಟುವುದಿಲ್ಲ. ಒಂದು ದೊಡ್ಡ ಕಾರ್ಖಾನೆ ಕಟ್ಟಿ ಇಡೀ ದೇಶಕ್ಕೆ ಕಳಿಸುತ್ತೇನೆ ಅಂದರೆ ಆಗದ ಮಾತು. ಬಿಸ್ಲೇರಿಗೆ 120ಕ್ಕೂ ಹೆಚ್ಚು ಪ್ಲಾಂಟ್‌ಗಳಿವೆ, ಅದರಲ್ಲಿ ಸ್ವಂತದ್ದು ಹದಿಮೂರೋ ಏನೋ. ಉಳಿದವು ಬೇರೆಯವರವು, ಬಿಸ್ಲೇರಿ ಹೆಸರಲ್ಲಿ ತುಂಬಿ ಕೊಡುತ್ತವೆ. ಜೊತೆಗೆ 4,500 ಡೀಲರ್‌ಗಳು, 5,000 ಲಾರಿಗಳು ಅಂತ ಟಾಟಾ ಮಾತುಕತೆ ಕಾಲದಲ್ಲಿ ಪತ್ರಿಕೆಗಳು ಬರೆದಿದ್ದವು. ಹೊಸ ಊರಿನಲ್ಲಿ ಮಾರಾಟ ಬೆಳೆಸಬೇಕು ಅಂದರೆ ಅಲ್ಲೇ ಹತ್ತಿರ ಇನ್ನೊಂದು ಪ್ಲಾಂಟ್ ಬೇಕು, ಇನ್ನೊಬ್ಬ ಡೀಲರ್ ಬೇಕು, ಇನ್ನಷ್ಟು ಗಾಡಿ ಬೇಕು. ಸಾಫ್ಟ್‌ವೇರ್ ಕಂಪನಿ ಬೆಳೆದ ಹಾಗೆ ನೀರಿನ ಕಂಪನಿ ಬೆಳೆಯಲ್ಲ.

ಇನ್ನು ಪೈಪೋಟಿ. ಕೋಕ್, ಪೆಪ್ಸಿ ಇವೆಯಲ್ಲ ಅಂತೀರಿ. ಅವರಿಗಿಂತ ದೊಡ್ಡ ತಲೆನೋವು ನನ್ನ ಪಾರ್ಟಿಗಳಂಥವರು. ಊರಾಚೆ ಒಂದು ಶೆಡ್, ಒಂದು ಬೋರ್, ಒಂದು ಆರ್‌ಒ ಮಿಷನ್, ಬಾಟಲಿ ಊದುವ ಮಿಷನ್, ನಾಲ್ಕೈದು ಹುಡುಗರು. ತಾಲೂಕಿಗೆ ಇಂಥವು ಎಷ್ಟೋ. ಲಾರಿ ಖರ್ಚು ಇಲ್ಲ, ಟಿವಿ ಜಾಹೀರಾತು ಇಲ್ಲ, ಟಾಟಾ ಏಸ್‌ನಲ್ಲಿ ಐವತ್ತು ಕಿಲೋಮೀಟರ್ ಸುತ್ತಿದರೆ ದಿನದ ಮಾಲು ಖಾಲಿ.

ಇವರ ಬಿಲ್ ನೋಡಿದರೆ ವಿಷಯ ಅರ್ಥವಾಗುತ್ತದೆ. ಎಂಆರ್‌ಪಿ 20 ರೂಪಾಯಿಯ ಲೀಟರ್ ಬಾಟಲಿ ನಮ್ಮ ಕಡೆ ಅಂಗಡಿಗೆ ಎಂಟರಿಂದ ಹತ್ತು ರೂಪಾಯಿಗೆ ಬೀಳುತ್ತದೆ. ಅದರ ಮೇಲೆ ಹತ್ತು ಕೇಸಿಗೆ ಒಂದು ಕೇಸು ಫ್ರೀ ಅನ್ನೋ ಸ್ಕೀಮ್ ಬೇರೆ. ಅಂಗಡಿಯವನಿಗೆ ಒಂದಕ್ಕೆ ಹತ್ತು ರೂಪಾಯಿ ಉಳಿಯುತ್ತದೆ. ದೊಡ್ಡ ಬ್ರ್ಯಾಂಡ್ ಮಾರಿದರೆ ಅಷ್ಟು ಎಲ್ಲಿಂದ ಉಳಿಯಬೇಕು? ಗಿರಾಕಿ ಬಿಸ್ಲೇರಿ ಕೇಳಿದರೂ ಫ್ರಿಜ್ಜಿನಿಂದ ಕೈಗೆ ಬರೋದು ಲಾಭ ಜಾಸ್ತಿ ಇರುವ ಬಾಟಲಿ. ಗಿರಾಕಿ ಬಸ್ ಹೊರಡುವ ಗಡಿಬಿಡಿಯಲ್ಲಿ ಇರುತ್ತಾನೆ, ಸುಮ್ನೆ ತಗೊಂಡು ಹೋಗುತ್ತಾನೆ. ಬಿಸ್ಲೇರಿಯನ್ನೇ ಹೋಲುವ ಹೆಸರು, ಅದೇ ಹಸಿರು ಲೇಬಲ್ ಇರುವ ನಕಲಿಗಳ ಕಾಟ ಬೇರೆ. 2017ರಲ್ಲಿ ಲೇಬಲ್ ಮೇಲೆ ಕನ್ನಡವೂ ಸೇರಿ ಆಯಾ ರಾಜ್ಯದ ಭಾಷೆಯಲ್ಲಿ ಹೆಸರು ಹಾಕಿದರು. ಆಮೇಲೆ ಎಲ್ಲ ನೀರಿನ ಬಾಟಲಿಯೂ ಬಿಸ್ಲೇರಿಯಲ್ಲ ಅಂತ ಒಂಟೆಗಳನ್ನು ಇಟ್ಟುಕೊಂಡು ಜಾಹೀರಾತು ಮಾಡಿದರು. ಜಾಹೀರಾತು ಚೆನ್ನಾಗಿತ್ತು. ಅಂಗಡಿಯವನ ಲೆಕ್ಕ ಮಾತ್ರ ಬದಲಾಗಲಿಲ್ಲ.

ಮದುವೆ ಸೀಸನ್ ಅಂತೂ ಪೂರ್ತಿ ಲೋಕಲ್‌ನವರದ್ದೇ. ಊಟದ ಎಲೆ ಪಕ್ಕ ಇಡುತ್ತಾರಲ್ಲ, 200 ಎಂಎಲ್ ಪುಟ್ಟ ಬಾಟಲಿ, ನನ್ನ ಒಬ್ಬ ಪಾರ್ಟಿ ಅದಕ್ಕೆ ವಧು-ವರರ ಹೆಸರಿನ ಲೇಬಲ್ ಅಂಟಿಸಿ ಕೊಡುತ್ತಾರೆ. ಮುಂಬೈ ಕಂಪನಿ ಚನ್ನಗಿರಿಯ ಒಂದು ಮದುವೆಗೆ ಲೇಬಲ್ ಪ್ರಿಂಟ್ ಹಾಕಿಸುತ್ತಾ ಕೂರುತ್ತದಾ?

20 ಲೀಟರ್ ಕ್ಯಾನಿನ ಕಥೆ ಇನ್ನೂ ಬಿಗಿ. ಹಳ್ಳಿಯಲ್ಲಿ ಶುದ್ಧ ಕುಡಿಯುವ ನೀರಿನ ಘಟಕಕ್ಕೆ ಐದು ರೂಪಾಯಿ ಕಾಯಿನ್ ಹಾಕಿದರೆ ಕೊಡ ತುಂಬುತ್ತದೆ. ಪೇಟೆಯಲ್ಲಿ ಲೋಕಲ್ ಕ್ಯಾನು ಮನೆ ಬಾಗಿಲಿಗೇ ಬರುತ್ತದೆ, ಅದೂ ಬ್ರ್ಯಾಂಡ್ ಕ್ಯಾನಿನ ಅರ್ಧಕ್ಕಿಂತ ಕಡಿಮೆ ಬೆಲೆಗೆ. ಇನ್ನು ಕ್ಯಾನುಗಳಿಗೆ ಹಾಕಿದ ಬಂಡವಾಳ ಮನೆಮನೆಯ ಅಡುಗೆಮನೆಯಲ್ಲಿ ಕೂತಿರುತ್ತದೆ. ಒಡೆದದ್ದು, ಕಳೆದದ್ದು, ಬೇರೆಯವರು ತಮ್ಮ ನೀರು ತುಂಬಿಕೊಂಡದ್ದು ಎಲ್ಲ ಕಂಪನಿ ಲೆಕ್ಕಕ್ಕೇ.

ತೆರಿಗೆ ನನ್ನ ಕ್ಷೇತ್ರ, ಸ್ವಲ್ಪ ಕೊರೆಯುತ್ತೇನೆ, ಸಹಿಸಿಕೊಳ್ಳಿ. ಮೊನ್ನೆ ಮೊನ್ನೆವರೆಗೆ ಬಾಟಲಿ ನೀರಿಗೆ ಜಿಎಸ್‌ಟಿ ಶೇ 18 ಇತ್ತು. 20 ರೂಪಾಯಿಯಲ್ಲಿ ಮೂರು ರೂಪಾಯಿ ಅದಕ್ಕೇ ಹೋಗುತ್ತಿತ್ತು. ವರ್ಷಕ್ಕೆ ಒಂದೂವರೆ ಕೋಟಿ ಒಳಗೆ ವ್ಯಾಪಾರ ಮಾಡುವ ಸಣ್ಣ ಪ್ಲಾಂಟ್‌ನವರು ಕಾಂಪೊಸಿಷನ್ ಸ್ಕೀಮಿಗೆ (ಸಣ್ಣ ವ್ಯಾಪಾರಿಗಳಿಗೆ ಇರುವ ಸರಳ ಜಿಎಸ್‌ಟಿ ವ್ಯವಸ್ಥೆ) ಸೇರಿದರೆ ಒಟ್ಟು ವ್ಯಾಪಾರದ ಮೇಲೆ ಶೇ 1 ಕಟ್ಟಿದರೆ ಸಾಕು. ಕೋಲಾ, ಸೋಡಾ ಮಾಡುವವರಿಗೆ ಈ ಸ್ಕೀಮ್ ಇಲ್ಲ, ಬರೀ ನೀರಿನವರಿಗೆ ಉಂಟು. ಲೋಕಲ್‌ನವರು ಅಷ್ಟು ಕಡಿಮೆಗೆ ಕೊಡೋದರ ಹಿಂದೆ ಇದೂ ಒಂದು ಕಾರಣ. 2025ರ ಸೆಪ್ಟೆಂಬರ್ 22ರಿಂದ ತೆರಿಗೆ ಶೇ 5ಕ್ಕೆ ಇಳಿಯಿತು. ರೈಲ್ವೆಯವರ ರೈಲ್ ನೀರ್ ಲೀಟರ್ ಬಾಟಲಿ ಅವತ್ತೇ 15ರಿಂದ 14 ರೂಪಾಯಿ ಆಯಿತು. ದೊಡ್ಡ ಕಂಪನಿಗೂ ಸಣ್ಣವರಿಗೂ ಇದ್ದ ಅಂತರ ಇದರಿಂದ ಕಡಿಮೆಯಾಯಿತು, ಬಿಸ್ಲೇರಿಗೆ ಒಳ್ಳೆಯದೇ. ಆದರೆ ಒಂದು ಕೊಕ್ಕೆ ಇದೆ. ಪ್ರಿಫಾರ್ಮ್ (ಊದಿ ಬಾಟಲಿ ಮಾಡುವ ಪ್ಲಾಸ್ಟಿಕ್ ಕೊಳವೆ), ಮುಚ್ಚಳ, ಲೇಬಲ್‌ಗೆ ಈಗಲೂ ಶೇ 18. ಕೊಳ್ಳುವಾಗ 18 ಕಟ್ಟಿ ಮಾರುವಾಗ 5 ವಸೂಲಿ ಮಾಡಿದರೆ ಹೆಚ್ಚಿಗೆ ಕಟ್ಟಿದ ತೆರಿಗೆ ಕ್ರೆಡಿಟ್ ಅಂತ ಖಾತೆಯಲ್ಲೇ ಕೂರುತ್ತದೆ. ರೀಫಂಡ್‌ಗೆ ಅರ್ಜಿ ಹಾಕಿ ಕಾಯಬೇಕು. ಸೇವೆ ಮತ್ತು ಮಿಷನ್ ಮೇಲೆ ಕಟ್ಟಿದ ತೆರಿಗೆಗೆ ಆ ರೀಫಂಡೂ ಇಲ್ಲ.

ಖರ್ಚಿನ ಕಡೆ ನೀರಿಗಿಂತ ದೊಡ್ಡದು ಪ್ಲಾಸ್ಟಿಕ್. ಬಾಟಲಿ ಮಾಡುವ ಪ್ಲಾಸ್ಟಿಕ್‌ಗೆ ಪೆಟ್ ಅಂತಾರೆ, ಅದರ ಬೆಲೆ ಕಚ್ಚಾ ತೈಲದ ಹಿಂದೆ ಹೋಗುತ್ತದೆ. ಕೊರೊನಾ ವರ್ಷ ಮಾರಾಟ ಅಷ್ಟು ಬಿದ್ದರೂ ಲಾಭ ಹೆಚ್ಚು ಬೀಳದಿದ್ದದ್ದಕ್ಕೆ ಆಗ ತೈಲ ಅಗ್ಗವಾಗಿದ್ದದ್ದೂ ಕಾರಣ ಅಂತ ನನ್ನ ಊಹೆ. ಈಗ ಹೊಸ ನಿಯಮ ಬೇರೆ: 2025-26ರಿಂದ ಗಟ್ಟಿ ಪ್ಲಾಸ್ಟಿಕ್ ಪ್ಯಾಕಿಂಗ್‌ನಲ್ಲಿ ಶೇ 30ರಷ್ಟು ಮರುಬಳಕೆಯ ಪ್ಲಾಸ್ಟಿಕ್ ಇರಬೇಕು, ವರ್ಷ ವರ್ಷ ಹತ್ತು ಏರುತ್ತಾ 2028-29ಕ್ಕೆ ಶೇ 60. ಆಹಾರಕ್ಕೆ ಬಳಸಬಹುದಾದ ಮರುಬಳಕೆ ಪೆಟ್ ಅಗ್ಗದ ಮಾಲಲ್ಲ.

ಮಳೆಯನ್ನೂ ಮರೆಯಬೇಡಿ. ಈ ವ್ಯಾಪಾರದಲ್ಲಿ ಫೆಬ್ರವರಿ ಕೊನೆಯಿಂದ ಮೇ ತನಕ ದುಡಿಮೆ, ಜೂನ್ ಬಂತು ಅಂದರೆ ಮಿಷನ್ ಅರ್ಧ ದಿನ ಸುಮ್ಮನೆ ನಿಲ್ಲುತ್ತದೆ. 2025ರಲ್ಲಿ ಮುಂಗಾರು ಮೇ 24ಕ್ಕೇ ಕೇರಳಕ್ಕೆ ಬಂದುಬಿಟ್ಟಿತು. ತಂಪು ಪಾನೀಯದವರೆಲ್ಲ ಆ ಬೇಸಿಗೆ ಕೈ ಕೊಟ್ಟಿತು ಅಂತ ಗೋಳಾಡಿದರು. ನನ್ನ ಪಾರ್ಟಿಗಳದ್ದೂ ಅದೇ ರಾಗ.

ಇಷ್ಟೆಲ್ಲ ಇದ್ದರೂ ಬಿಸ್ಲೇರಿಯ ನಿಜವಾದ ಕೊರತೆ ಇನ್ನೊಂದು ಅಂತ ನನಗೆ ಅನಿಸುತ್ತದೆ. ಕಿನ್ಲೇ ಬಾಟಲಿ ಒಂದೇ ಬರಲ್ಲ, ಕೋಕಾ ಕೋಲಾ, ಸ್ಪ್ರೈಟ್, ಮಾಜಾ ಜೊತೆ ಅದೇ ಗಾಡಿಯಲ್ಲಿ ಬರುತ್ತದೆ, ಅಂಗಡಿಯಲ್ಲಿ ಅದೇ ಕಂಪನಿ ಕೊಟ್ಟ ಫ್ರಿಜ್ಜಿನಲ್ಲಿ ಕೂರುತ್ತದೆ. ಅಕ್ವಾಫಿನಾಗೂ ಪೆಪ್ಸಿ ಗಾಡಿ ಇದೆ. ಅವರಿಗೆ ಡೀಸೆಲ್ ಖರ್ಚು ಕೋಲಾ ಲೆಕ್ಕದಲ್ಲಿ ಹೋಗುತ್ತದೆ, ನೀರು ಪುಕ್ಕಟೆ ಸವಾರಿ. ಬಿಸ್ಲೇರಿ ಗಾಡಿಯಲ್ಲಿ ಹೆಚ್ಚಿನ ಪಾಲು ಬರೀ ನೀರು. ತಮಾಷೆ ನೋಡಿ, ಥಮ್ಸ್ ಅಪ್, ಲಿಮ್ಕಾ, ಗೋಲ್ಡ್ ಸ್ಪಾಟ್, ಮಾಜಾ ಎಲ್ಲ ಒಂದು ಕಾಲದಲ್ಲಿ ಇದೇ ಬಿಸ್ಲೇರಿ ಮಾಲೀಕ ರಮೇಶ್ ಚೌಹಾಣ್ ಅವರ ಪಾರ್ಲೆ ಕಂಪನಿಯದ್ದು. 1993ರಲ್ಲಿ ಕೋಕಾ ಕೋಲಾಗೆ ಮಾರಿದರು. 1969ರಲ್ಲಿ ಬರೀ ನಾಲ್ಕು ಲಕ್ಷಕ್ಕೆ ಕೊಂಡಿದ್ದ ಬಿಸ್ಲೇರಿ ಕೈಯಲ್ಲಿ ಉಳಿಯಿತು. ಈಗ ಬಿಸ್ಲೇರಿಯವರು ಲಿಮೊನಾಟಾ, ರೆವ್, ಸ್ಪೈಸಿ ಜೀರಾ ಅಂತ ಮತ್ತೆ ಸೋಡಾ ವ್ಯಾಪಾರಕ್ಕೆ ಇಳಿದಿದ್ದಾರೆ. ಒಂದು ಕಾಲದಲ್ಲಿ ತಾವೇ ಕಟ್ಟಿದ ಬ್ರ್ಯಾಂಡುಗಳ ಎದುರೇ ಈಗ ಮಾರಬೇಕು.

ಟಾಟಾ ವಿಷಯ. 2022ರ ನವೆಂಬರ್‌ನಲ್ಲಿ ಸುದ್ದಿ ಬಂತು, 7,000 ಕೋಟಿವರೆಗೆ ಮಾತು ನಡೆದಿದೆ ಅಂತ. ನಷ್ಟ ಆಗಿ ಮಾರಲು ಹೊರಟದ್ದಲ್ಲ. ಚೌಹಾಣ್ ಅವರಿಗೆ ಆಗ 82 ವರ್ಷ, ಮಗಳಿಗೆ ಈ ವ್ಯಾಪಾರದಲ್ಲಿ ಅಷ್ಟು ಆಸಕ್ತಿ ಇಲ್ಲ ಅಂತ ಅವರೇ ಹೇಳಿದ್ದರು. ಆ ವರ್ಷ 220 ಕೋಟಿ ಲಾಭದ ಅಂದಾಜಿತ್ತು, ಅಂದರೆ ವರ್ಷದ ಲಾಭದ ಮೂವತ್ತು ಪಟ್ಟು ಮೀರಿದ ಬೆಲೆ. 2023ರ ಮಾರ್ಚ್‌ನಲ್ಲಿ ಟಾಟಾ ಕನ್ಸ್ಯೂಮರ್‌ನವರು ಮಾತುಕತೆ ನಿಲ್ಲಿಸಿದ್ದೇವೆ ಅಂದರು. ಮಗಳು ಜಯಂತಿ ಚೌಹಾಣ್ ಮುಂದೆ ನಿಂತು ನಡೆಸುತ್ತಿದ್ದಾರೆ. ಟಾಟಾ ಹತ್ತಿರ ಟೀ, ಉಪ್ಪು, ಬೇಳೆ ಹೋಗುವ ಅಂಗಡಿಗಳು ಲಕ್ಷಗಟ್ಟಲೆ ಇವೆ. ಆ ಗಾಡಿಗಳ ಮೇಲೆ ಬಿಸ್ಲೇರಿ ಹತ್ತಿದ್ದರೆ ಇಬ್ಬರಿಗೂ ಲಾಭವಿತ್ತು ಅಂತ ನನಗೆ ಇವತ್ತಿಗೂ ಅನಿಸುತ್ತದೆ.

ಈಗ ಬಾಟಲಿ ನೀರಿನ ಪೈಪೋಟಿಗೆ ರಿಲಯನ್ಸ್ ಕೂಡ ಬಂದಿದೆ. 2025ರಲ್ಲಿ ಕ್ಯಾಂಪಾ ಶ್ಯೂರ್ ಅಂತ ಲೀಟರ್ ಬಾಟಲಿಯನ್ನು 15 ರೂಪಾಯಿಗೆ ಪೇಟೆಗೆ ಬಿಟ್ಟರು. ಗಮನಿಸಿ, ಇದು ಲೋಕಲ್ ಪ್ಲಾಂಟ್‌ನವರ ಆಟವನ್ನೇ ದೊಡ್ಡ ದುಡ್ಡು ಇಟ್ಟು ಆಡುವುದು. ಬಿಸ್ಲೇರಿ ಬೆಲೆ ಇಳಿಸಿದರೆ ನಾನು ಮೇಲೆ ಬರೆದ ಹನ್ನೊಂದು ಹನ್ನೆರಡು ರೂಪಾಯಿ ಕರಗುತ್ತದೆ, ಇಳಿಸದಿದ್ದರೆ ಅಂಗಡಿಯ ಫ್ರಿಜ್ಜಿನಲ್ಲಿ ಜಾಗ ಹೋಗುತ್ತದೆ. ಸಣ್ಣವರಿಗೂ ಈಗ ಒಳಗೆ ಬರುವ ಬಾಗಿಲು ಸ್ವಲ್ಪ ಅಗಲವಾಗಿದೆ. 2001ರಿಂದ ಇದ್ದ ಐಎಸ್ಐ ಗುರುತಿನ ಕಡ್ಡಾಯವನ್ನು 2024ರ ಅಕ್ಟೋಬರ್‌ನಲ್ಲಿ ತೆಗೆದರು. ಮರುತಿಂಗಳೇ ಬಾಟಲಿ ನೀರನ್ನು ಹೆಚ್ಚು ಅಪಾಯದ ಆಹಾರದ ಪಟ್ಟಿಗೆ ಹಾಕಿ ವರ್ಷಕ್ಕೊಂದು ಆಡಿಟ್ ಕಡ್ಡಾಯ ಮಾಡಿದರು ಅನ್ನೋದೂ ನಿಜ. ಆಡಿಟ್ ಬಿಗಿಯಾಗಿ ನಡೆದರೆ ಅರೆಬರೆ ಪ್ಲಾಂಟ್‌ಗಳು ಮುಚ್ಚಬಹುದು, ಆಗ ಬಿಸ್ಲೇರಿಗೆ ಲಾಭ.

ಷೇರಿನ ಬಗ್ಗೆ: ಪೇಟೆಯಲ್ಲಿ ಸಿಗಲ್ಲ. ಪಟ್ಟಿಯಲ್ಲಿಲ್ಲದ ಷೇರು ಕೊಡಿಸುತ್ತೇನೆ ಅಂತ ಯಾರಾದರೂ ವಾಟ್ಸಾಪ್ ಮಾಡಿದರೆ ದೂರ ಇರಿ. ಮುಂದೆ ಯಾವತ್ತಾದರೂ ಐಪಿಒ (ಕಂಪನಿ ಮೊದಲ ಸಲ ಜನರಿಗೆ ಷೇರು ಮಾರುವುದು) ಬಂದರೆ ಒಟ್ಟು ಮಾರಾಟ ಎಷ್ಟು ಏರಿತು ಅನ್ನೋದನ್ನು ಆಮೇಲೆ ನೋಡಿ. ಮೊದಲು ಸಾಗಾಣಿಕೆ ಖರ್ಚು ಮಾರಾಟದ ಶೇಕಡ ಎಷ್ಟು, ನೀರು ಬಿಟ್ಟು ಬೇರೆ ಮಾಲಿನ ಪಾಲು ಎಷ್ಟು ಅನ್ನೋ ಎರಡು ಸಾಲು ಹುಡುಕಿ. ಮೊದಲನೆಯದು ಇಳಿಯುತ್ತಾ ಎರಡನೆಯದು ಏರುತ್ತಿದ್ದರೆ ನಾನೂ ಒಂದು ಲಾಟ್‌ಗೆ ಅರ್ಜಿ ಹಾಕುತ್ತೇನೆ.