ನನಗೆ ಮಾಡರ್ನ್ ಮನೆ ಇಷ್ಟ, ಗಂಡನಿಗೆ ಇಷ್ಟವಿಲ್ಲ. ಪ್ಲಾನ್ ಇನ್ನೂ ಕಾಗದದ ಮೇಲಿದೆ, ಎರಡಂತಸ್ತಿನ ಎತ್ತರದ (ಡಬಲ್ ಹೈಟ್) ಹಾಲ್ ಹಾಕಿಸಿದ್ದೇವೆ. ಅರ್ಧ ಅವರ ರುಚಿಗೆ, ಅರ್ಧ ನನ್ನ ರುಚಿಗೆ ಮಾಡಿಸಿದರೆ ಸರಿಹೋಗುತ್ತದೆಯೇ?

ಅರ್ಧ-ಅರ್ಧ ಮಾತ್ರ ಮಾಡಿಸಬೇಡಿ. ನಿಮಗೆ ಖಾಲಿ ಗೋಡೆ, ಗಾಜು, ಬರಿಮೈ ಕಾಂಕ್ರೀಟು. ನಿಮ್ಮ ಯಜಮಾನರಿಗೆ ಮರ, ಬಣ್ಣ, ಪರದೆ, ತುಂಬಿದ ಕಪಾಟು. ನಮ್ಮನೆಯಲ್ಲಿ ನಿಮ್ಮ ಪಕ್ಷ ನಾನು, ಅವರ ಪಕ್ಷ ನನ್ನ ಹೆಂಡತಿ.

ನಾವು ಮನೆಯನ್ನು ದಾಯಾದಿಗಳು ಆಸ್ತಿ ಪಾಲು ಮಾಡಿಕೊಂಡ ಹಾಗೆ ಹಂಚಿಕೊಂಡೆವು. ಮಲಗುವ ಕೋಣೆ ಅವಳದು, ಹಾಲ್ ನನ್ನದು. ನನ್ನ ಪಾಲಿನ ಹಾಲ್‌ಗೆ ಎರಡಂತಸ್ತಿನ ಎತ್ತರ. ಒಂದು ಗೋಡೆ ಪೂರ್ತಿ ಗಾಜು, ಎದುರುಗೋಡೆ ಸೆಂಟ್ರಿಂಗ್ ಹಲಗೆಯ ಗೆರೆ ಹಾಗೇ ಉಳಿಸಿದ ಕಾಂಕ್ರೀಟು, ನೆಲಕ್ಕೆ ಕನ್ನಡಿಯಂಥ ಟೈಲ್ಸು. ಪರದೆ, ಕಾರ್ಪೆಟ್, ಪುಸ್ತಕದ ಕಪಾಟು ಯಾವುದೂ ಹಾಲಿನ ಹೊಸ್ತಿಲು ದಾಟಕೂಡದು ಅಂತ ಹಟ ಹಿಡಿದೆ. ಫೋಟೋ ತೆಗೆದರೆ ಅದಕ್ಕೆ ಸಾಟಿಯೇ ಇರಲಿಲ್ಲ, ಬಂದವರೆಲ್ಲ ಮೊದಲು ಮೊಬೈಲ್ ಎತ್ತುತ್ತಿದ್ದರು.

ಆದರೆ ಅಲ್ಲಿ ಕೂತು ಮಾತಾಡೋಕೆ ಆಗುತ್ತಿರಲಿಲ್ಲ. ನಾಲ್ಕು ಜನ ಸೇರಿದರೆ ಯಾರು ಏನಂದರು ಅಂತ ತಿಳಿಯದು. ಟೀವಿಯ ಮಾತು ಕಲಸಿಹೋಗುತ್ತದೆ ಅಂತ ವಾಲ್ಯೂಮ್ ಏರಿಸಿದರೆ ಇನ್ನಷ್ಟು ಕಲಸಿಹೋಗುತ್ತಿತ್ತು. ಚಮಚ ಬಿದ್ದರೆ ಮೇಲಿನ ಕೋಣೆಯಲ್ಲಿ ಮಲಗಿದವರು ಎದ್ದು ಕೂರುತ್ತಿದ್ದರು. ಹಿಯರಿಂಗ್ ಏಡ್ ಹಾಕುವ ನನ್ನ ತಾಯಿ ಹಾಲಿಗೆ ಕಾಲಿಟ್ಟ ಕೂಡಲೇ ಅದನ್ನು ಕಿವಿಯಿಂದ ಕಳಚಿ, ಡಬ್ಬಿಗೆ ಹಾಕಿ, ಡಬ್ಬಿಯನ್ನು ಮಡಿಲಲ್ಲಿ ಇಟ್ಟುಕೊಂಡು ಸುಮ್ಮನೆ ಎಲ್ಲರ ಮುಖ ನೋಡುತ್ತಾ ಕೂರುತ್ತಿದ್ದರು.

ಹೆಂಡತಿ ಹೇಳುತ್ತಿದ್ದದ್ದು ಒಂದೇ ಮಾತು: 'ಇಲ್ಲಿ ಕೂರೋಕೆ ಆಗಲ್ಲ, ಆಸ್ಪತ್ರೆ ಇದ್ದ ಹಾಗಿದೆ.' ನಾನು ಅದನ್ನು ಕಣ್ಣಿನ ದೂರು ಅಂತಲೇ ತಿಳಿದೆ. ಬಲ್ಬ್ ಬದಲಿಸಿದೆ, 6500 ಕೆಲ್ವಿನ್‌ನ ನೀಲಿಬಿಳಿ ತೆಗೆದು 2700ರ ಹಳದಿ ಬೆಳಕು ಹಾಕಿಸಿದೆ. (ಇದನ್ನು ನೀವೂ ಮಾಡಿ. ಮಾಡರ್ನ್ ಮನೆ 'ಬಿಕೋ ಅನ್ನುತ್ತೆ' ಅನ್ನುವ ದೂರಿನಲ್ಲಿ ಬಲ್ಬಿನ ಪಾಲು ದೊಡ್ಡದು.) ಸೋಫಾಗೆ ಬಣ್ಣದ ದಿಂಬು ತಂದೆ. ಆದರೂ ಅವಳು ಸಂಜೆಯಾದರೆ ತನ್ನ ಕೋಣೆ ಸೇರುತ್ತಿದ್ದಳು. ಪಾಲಿನ ಜಗಳದ ಮುನಿಸು ಇನ್ನೂ ಇಳಿದಿಲ್ಲ ಅಂದುಕೊಂಡೆ.

ನಾನು ಎಡವಿದ್ದು ಎಲ್ಲಿ ಅಂತ ಬಿಡಿಸಿ ಹೇಳಲೇಬೇಕು, ಸ್ವಲ್ಪ ಉದ್ದವಾಗುತ್ತದೆ. ಗಟ್ಟಿಯಾದ, ನುಣುಪಾದ ಮೈ ಶಬ್ದವನ್ನು ಹೀರುವುದಿಲ್ಲ, ವಾಪಸ್ ಎಸೆಯುತ್ತದೆ. ಕಾಂಕ್ರೀಟು, ಗಾಜು, ಟೈಲ್ಸು ತಮ್ಮ ಮೇಲೆ ಬಿದ್ದ ಶಬ್ದದಲ್ಲಿ ನೂರಕ್ಕೆ ಎರಡು-ಮೂರು ಪಾಲು ಹೀರಿದರೆ ಹೆಚ್ಚು. ಇದಕ್ಕೆ ಲೆಕ್ಕ ಹಾಕಿಕೊಟ್ಟವರು ಹಾರ್ವರ್ಡ್‌ನಲ್ಲಿ ಭೌತಶಾಸ್ತ್ರ ಹೇಳಿಕೊಡುತ್ತಿದ್ದ ವಾಲೇಸ್ ಸ್ಯಾಬಿನ್. 1895ರಲ್ಲಿ ಅಲ್ಲಿನ ಫಾಗ್ ಮ್ಯೂಸಿಯಂ ಹೊಸದಾಗಿ ಎದ್ದು ನಿಂತಾಗ ಅದರ ಉಪನ್ಯಾಸ ಕೊಠಡಿಯಲ್ಲಿ ಮೇಷ್ಟ್ರ ಮಾತೇ ಕೇಳಿಸುತ್ತಿರಲಿಲ್ಲ. ಸ್ಯಾಬಿನ್ ರಾತ್ರಿ ಹೊತ್ತು ಸ್ಯಾಂಡರ್ಸ್ ಥಿಯೇಟರಿನ ಆಸನದ ದಿಂಬುಗಳನ್ನು ಹೊತ್ತು ತಂದು, ದಿಂಬು ಹೆಚ್ಚಿಸುತ್ತಾ ಹೋದ ಹಾಗೆ ಆರ್ಗನ್ ವಾದ್ಯದ ಕೊಳವೆಯ ದನಿ ಅಡಗಲು ಎಷ್ಟು ಹೊತ್ತು ಹಿಡಿಯುತ್ತದೆ ಅಂತ ಅಳೆದರು. ಅದರಿಂದ ಹುಟ್ಟಿದ ಸೂತ್ರ ಇವತ್ತಿಗೂ ಬಳಕೆಯಲ್ಲಿದೆ: ಕೋಣೆಯ ಘನ ಅಳತೆಯನ್ನು 0.161ರಿಂದ ಗುಣಿಸಿ, ಕೋಣೆಯ ಒಟ್ಟು ಹೀರುವ ಶಕ್ತಿಯಿಂದ ಭಾಗಿಸಿ. ಶಬ್ದ 60 ಡೆಸಿಬಲ್ ಇಳಿಯಲು, ಅಂದರೆ ಹೆಚ್ಚುಕಡಿಮೆ ಅಡಗಿಹೋಗಲು, ಬೇಕಾದ ಸೆಕೆಂಡುಗಳು ಸಿಗುತ್ತವೆ.

ನನ್ನ ಹಾಲ್ 6 ಮೀಟರ್ ಉದ್ದ, 5 ಅಗಲ, 5.5 ಎತ್ತರ. ಅಂದರೆ 165 ಘನ ಮೀಟರ್. ಗೋಡೆ, ನೆಲ, ಛಾವಣಿ ಸೇರಿ ಸುಮಾರು 180 ಚದರ ಮೀಟರ್ ಮೈ, ನೂರಕ್ಕೆ ಮೂರು ಪಾಲಿನ ಲೆಕ್ಕದಲ್ಲಿ ಅದರ ಹೀರುವ ಶಕ್ತಿ ಬರೀ 5.4. ಸೋಫಾ, ಕೂತ ಜನ ಎಲ್ಲ ಸೇರಿಸಿ ಇನ್ನೊಂದು 4 ಅಂದುಕೊಳ್ಳಿ. ಉತ್ತರ 2.8 ಸೆಕೆಂಡ್. ಪರದೆ, ಕಾರ್ಪೆಟ್, ಮೆತ್ತನೆ ಸಾಮಾನು ಇರುವ ಮಾಮೂಲಿ ಕೋಣೆಯಲ್ಲಿ ಇದು ಅರ್ಧ ಸೆಕೆಂಡಿನ ಆಸುಪಾಸು. ಮಾತಿನಲ್ಲಿ ಅರ್ಥ ಹೊರುವುದು ಹೆಚ್ಚಾಗಿ ವ್ಯಂಜನಗಳು, ಅವು ಮೆಲ್ಲಗಿನ, ಕ್ಷಣಮಾತ್ರದ ಶಬ್ದಗಳು. ಹಿಂದಿನ ಸ್ವರದ ಬಾಲ ಇನ್ನೂ ಗುಂಯ್ ಅನ್ನುತ್ತಿರುವಾಗ ಮುಂದಿನ ವ್ಯಂಜನ ಅದರಡಿ ಮುಳುಗಿಹೋಗುತ್ತದೆ. ಅದಕ್ಕೇ ದನಿ ಕೇಳಿಸಿದರೂ ಮಾತು ತಿಳಿಯುತ್ತಿರಲಿಲ್ಲ.

ಅಂದರೆ ನಾನು ಹೊರಗಿಟ್ಟ ಪರದೆ, ಕಾರ್ಪೆಟ್, ಕಪಾಟುಗಳೇ ಆ ಹಾಲ್‌ಗೆ ಬೇಕಾಗಿದ್ದವು. ಅವಳ ಕೋಣೆಯಲ್ಲಿ ಎಲ್ಲರಿಗೂ ಯಾಕೆ ಹಾಯೆನಿಸುತ್ತಿತ್ತು ಅನ್ನುವುದಕ್ಕೂ ಉತ್ತರ ಸಿಕ್ಕಿತು. ಅವಳಿಗೂ ಇದು ಕಿವಿಯ ವಿಷಯ ಅಂತ ಗೊತ್ತಿರಲಿಲ್ಲ. ಇಬ್ಬರೂ ಬಣ್ಣದ ಮೇಲೆ, ಸ್ಟೈಲಿನ ಮೇಲೆ ಜಗಳವಾಡುತ್ತಾ ಕೂತಿದ್ದೆವು.

ಇದು ತಿಳಿದ ಮೇಲೂ ನಾನು ಸುಲಭಕ್ಕೆ ಸೋಲಲಿಲ್ಲ. ಕಣ್ಣಿಗೆ ಕಾಣದ ಹಾಗೆ ಮುಗಿಸೋಣ ಅಂತ ಛಾವಣಿಗೆ ತೆಳ್ಳನೆ ಫೋಮ್ ಅಂಟಿಸಿದೆ. ದುಡ್ಡು ದಂಡ. ತೆಳು ಫೋಮ್ ಕೀಚಲು ಶಬ್ದವನ್ನು ಮಾತ್ರ ಹೀರುತ್ತದೆ, ಗಡುಸು ದನಿ ಹಾಗೇ ಉಳಿಯುತ್ತದೆ. ಮಾತು ಕಂಬಳಿಯೊಳಗಿಂದ ಬಂದ ಹಾಗೆ ಕೇಳಿಸತೊಡಗಿತು. ಕೊನೆಗೆ ಕೆಲಸಕ್ಕೆ ಬಂದದ್ದು ಬಟ್ಟೆ ಹೊದಿಸಿದ 50 ಮಿಲಿಮೀಟರ್ ದಪ್ಪದ ಮಿನರಲ್ ವೂಲ್ (ಕಲ್ಲು ಕರಗಿಸಿ ಎಳೆದ ನಾರಿನ ಹತ್ತಿಯಂಥದ್ದು) ಪ್ಯಾನೆಲ್‌ಗಳು, ಗೋಡೆಗೆ ಅಂಟಿಸದೆ ಹಿಂದೆ ಸಂದು ಬಿಟ್ಟು ಕೂರಿಸಿದವು. ಜೊತೆಗೆ ಗಾಜಿನ ಎರಡರಷ್ಟು ಅಗಲದ, ನೆರಿಗೆ ಬೀಳುವ ದಪ್ಪ ಪರದೆ, ನೆಲಕ್ಕೆ ಕಾರ್ಪೆಟ್, ಒಂದು ದೊಡ್ಡ ಕಪಾಟು. ಲೆಕ್ಕದ ಪ್ರಕಾರ ಈಗ ಒಂದು ಸೆಕೆಂಡಿನೊಳಗೆ ಬಂದಿದೆ. ನನ್ನ ಕಾಂಕ್ರೀಟ್ ಗೋಡೆಯ ಅರ್ಧ ಮುಚ್ಚಿಹೋಗಿದೆ. ಸಂಕಟ ಇದೆ, ಇಲ್ಲ ಅನ್ನಲ್ಲ.

ಇಷ್ಟು ಓದಿ 'ಹಾಗಾದರೆ ಮಾಡರ್ನ್ ಮನೆಯೇ ಬೇಡ' ಅಂದುಕೊಳ್ಳಬೇಡಿ, ನಾನು ಇವತ್ತಿಗೂ ನಿಮ್ಮ ಪಕ್ಷವೇ. ಮಾಡರ್ನ್ ಅಂದರೆ ಖಾಲಿ ಅನ್ನುವ ನಂಬಿಕೆ ಮಾತ್ರ ಬಿಡಿ. ಅಮೆರಿಕದ ಡಿಸೈನರ್‌ಗಳಾದ ಚಾರ್ಲ್ಸ್ ಮತ್ತು ರೇ ಈಮ್ಸ್ ದಂಪತಿ 1949ರಲ್ಲಿ ತಮಗಾಗಿ ಕಟ್ಟಿಕೊಂಡ ಮನೆ ಕಾರ್ಖಾನೆಯ ಉಕ್ಕಿನ ಚೌಕಟ್ಟು ಮತ್ತು ಗಾಜಿನದು. ಒಳಗೆ ಮಾತ್ರ ಪುಸ್ತಕ, ಗಿಡ, ರತ್ನಗಂಬಳಿ, ಬೊಂಬೆ, ಊರೂರಿಂದ ತಂದ ಸಣ್ಣಪುಟ್ಟ ಸಾಮಾನು ಕಿಕ್ಕಿರಿದಿದ್ದವು. ನಿಮ್ಮಿಬ್ಬರ ಜಗಳ ಅವರ ಮನೆಯೊಳಗೆ ಕಾಲಿಟ್ಟರೆ ಅರ್ಧಕ್ಕೇ ನಿಲ್ಲುತ್ತದೆ. ಅದೇ ಹೊತ್ತಿಗೆ ವಾಸ್ತುಶಿಲ್ಪಿ ಮೀಸ್ ವಾನ್ ಡೆರ್ ರೋಹ ಡಾಕ್ಟರ್ ಈಡಿತ್ ಫಾರ್ನ್ಸ್‌ವರ್ತ್‌ಗೆ ಕಟ್ಟಿಕೊಟ್ಟ, 1951ರಲ್ಲಿ ಮುಗಿದ ಮನೆ ನೋಡಿ. ನಾಲ್ಕೂ ಕಡೆ ಗಾಜು, ಪುಸ್ತಕಗಳಲ್ಲಿ ಅದಕ್ಕಿಂತ ಚೆಂದದ ಮನೆ ಇಲ್ಲ. ಕಟ್ಟಿದವರು, ಕಟ್ಟಿಸಿದವರು ಇಬ್ಬರೂ ಖರ್ಚಿನ ವಿಷಯಕ್ಕೆ ಕೋರ್ಟು ಹತ್ತಿದರು, ಇದ್ದವರು ಗಾಜಿನೊಳಗೆ ನೆಮ್ಮದಿಯಿಲ್ಲ ಅಂತ ದೂರಿದರು.

ನನಗೆ ಹೆಚ್ಚು ಇಷ್ಟ ನೆದರ್ಲೆಂಡ್ಸಿನ ಉಟ್ರೆಕ್ಟ್‌ನ 1924ರ ರೀಟ್‌ಫೆಲ್ಡ್ ಶ್ರೋಡರ್ ಮನೆ. ಮೂರು ಮಕ್ಕಳ ತಾಯಿ, ವಿಧವೆ ಟ್ರೂಸ್ ಶ್ರೋಡರ್ ವಾಸ್ತುಶಿಲ್ಪಿ ರೀಟ್‌ಫೆಲ್ಡ್ ಜೊತೆ ಡಿಸೈನಿಗೇ ಕೈ ಹಾಕಿದವರು. ಮಹಡಿಯಲ್ಲಿ ಹಗಲು ಒಂದೇ ದೊಡ್ಡ ಜಾಗ, ರಾತ್ರಿಗೆ ಜಾರುವ ಗೋಡೆ ಎಳೆದರೆ ಬೇರೆ ಬೇರೆ ಕೋಣೆ. ಅವರು 1985ರಲ್ಲಿ ತೀರಿಕೊಳ್ಳುವವರೆಗೂ ಅದರಲ್ಲೇ ಬಾಳಿದರು. ಇಷ್ಟು ಗಟ್ಟಿ ಮಾಡರ್ನ್ ಮನೆಯಲ್ಲಿ ಅವರು ಅಷ್ಟು ವರ್ಷ ಇದ್ದದ್ದು, ಹೇಗೆ ಇರಬೇಕು ಅನ್ನುವುದನ್ನು ಕಟ್ಟುವ ಮುಂಚೆ ಹೇಳಿಕೊಂಡಿದ್ದರಿಂದ ಅಂತ ನನ್ನ ಲೆಕ್ಕ.

ಹಾಗಾಗಿ ಯಾವ ಸ್ಟೈಲು ಗೆಲ್ಲಬೇಕು ಅನ್ನುವುದಕ್ಕೆ ನಾನು ಉತ್ತರ ಕೊಡಲ್ಲ. ಮೊಬೈಲಲ್ಲಿ ಸೇವ್ ಮಾಡಿಟ್ಟ ಫೋಟೋಗಳನ್ನು ಇಬ್ಬರೂ ಪಕ್ಕಕ್ಕಿಡಿ, ಅವುಗಳಲ್ಲಿ ಶಬ್ದ ಇಲ್ಲ, ಮಧ್ಯಾಹ್ನದ ಬಿಸಿಲಿಲ್ಲ, ಗಾಜು ಒರೆಸುವವರಿಲ್ಲ. ಈಗಿರುವ ಮನೆಯಲ್ಲಿ ಏನೇನು ಕಾಡುತ್ತದೆ ಅಂತ ಬೇರೆ ಬೇರೆ ಕೂತು ಬರೆಯಿರಿ. ನಿಮಗೆ ಮೆಚ್ಚಿದಂಥ ಮನೆ ಯಾರದಾದರೂ ಇದ್ದರೆ ಇಬ್ಬರೂ ಹೋಗಿ ಒಂದು ಸಂಜೆ ಕಳೆಯಿರಿ, ಹಾಲಿನ ನಡುವೆ ನಿಂತು ಚಪ್ಪಾಳೆ ತಟ್ಟಿ, ದನಿ ಎಷ್ಟು ಹೊತ್ತು ಗುಂಯ್ ಅನ್ನುತ್ತದೆ ಕೇಳಿ. ನಾಚಿಕೆಯಾದರೆ ಮನೆಯವರು ಕಾಫಿಗೆ ಎದ್ದಾಗ ತಟ್ಟಿ.

ಪ್ಲಾನ್ ಇನ್ನೂ ಕಾಗದದ ಮೇಲಿದೆ, ಡಬಲ್ ಹೈಟ್ ಹಾಲ್ ಹಾಕಿಸಿದ್ದೇವೆ ಅಂತ ಬರೆದಿದ್ದೀರಿ. ಅದೇ ಸಾಮಾನು, ಅದೇ ಕಾಂಕ್ರೀಟು ಇಟ್ಟುಕೊಂಡು ನನ್ನ ಹಾಲಿನ ಎತ್ತರ ಅರ್ಧಕ್ಕೆ ಇಳಿಸಿ ಲೆಕ್ಕ ಹಾಕಿದರೆ 2.8 ಸೆಕೆಂಡ್ ಸುಮಾರು 1.7ಕ್ಕೆ ಬರುತ್ತದೆ. ಎತ್ತರ ಬೇಕೇ ಬೇಕು ಅಂತಿದ್ದರೆ ಪ್ಯಾನೆಲ್‌ಗೆ ಜಾಗ, ಪರದೆಯ ಕಂಬಿಗೆ ಆಧಾರ ಎಲ್ಲಿ ಅಂತ ಈಗಲೇ ಡ್ರಾಯಿಂಗಿನಲ್ಲಿ ಗುರುತು ಹಾಕಿಸಿ. ಛಾವಣಿ ಹಾಕಿದ ಮೇಲೆ ಐದೂವರೆ ಮೀಟರ್ ಎತ್ತರಕ್ಕೆ ಅಟ್ಟಣಿಗೆ ಕಟ್ಟಿಸಿ ಮೊಳೆ ಹೊಡೆಸುವ ಖರ್ಚು ನಿಮಗೆ ಬೇಡ.